ಅಂಟಿದ್ದೆಲ್ಲಾ ರಿಸೆಪ್ಟರ್ ಅಲ್ಲ: ಚಿಕೂನ್‌ಗುನ್ಯಾ ಹಿಂದೆ ಬಿದ್ದ ನನ್ನ ಅನುಭವ

2006ರಲ್ಲಿ ನಾನು ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದು ರಿಸಲ್ಟ್ ಕಾಯ್ತಾ ಮನೇಲಿದ್ದೆ. ಶಿರಾ ಹತ್ರದ ಹಳ್ಳಿ ನಮ್ದು, ನಲ್ಲಿ ನೀರು ನಾಲ್ಕು ದಿನಕ್ಕೊಂದ್ಸಲ, ಹಂಗಾಗಿ ಪ್ರತಿ ಮನೇಲೂ ತೊಟ್ಟಿ, ಡ್ರಮ್ಮು, ಬಿಂದಿಗೆ, ಸಿಕ್ಕಿದ್ದರಲ್ಲೆಲ್ಲಾ ನೀರು ಹಿಡಿದಿಡೋದು, ಆ ನೀರಲ್ಲಿ ಸೊಳ್ಳೆ ಮರಿ ಆಡ್ತಿದ್ರೂ ಯಾರೂ ಅದನ್ನ ಲೆಕ್ಕಕ್ಕೆ ಇಟ್ಕೊಂಡಿರ್ಲಿಲ್ಲ. ಮೊದಲು ಮಲಗಿದ್ದು ನಮ್ಮಜ್ಜಿ. ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚಿದೋರು, ಮಧ್ಯಾಹ್ನಕ್ಕೆ ಜ್ವರ, ಸಂಜೆಗೆ ಎರಡೂ ಮಂಡಿ, ಮಣಿಕಟ್ಟು, ಬೆರಳಿನ ಗೆಣ್ಣು ಎಲ್ಲಾ ಹಿಡ್ಕೊಂಡು ಕಾಫಿ ಲೋಟ ಎತ್ತೋಕೂ ಆಗದಂಗಾಯ್ತು. ವಾರ ಕಳೆಯೋದ್ರೊಳಗೆ ಬೀದಿಗೆ ಬೀದಿನೇ ಮಲಗಿತ್ತು. ಹೆಸರು ಕೇಳಿ ಜನ ಕೋಳಿ ತಿನ್ನೋದನ್ನೇ ಬಿಟ್ರು. ಆದ್ರೆ ಚಿಕೂನ್‌ಗುನ್ಯಾಕ್ಕೂ ಕೋಳಿಗೂ ಸಂಬಂಧಾನೇ ಇಲ್ಲ, ಅದು ಪೂರ್ವ ಆಫ್ರಿಕಾದ ಮಕೊಂಡೆ ಭಾಷೆ ಪದ, ನೋವಿಗೆ ಮೈ ಬಗ್ಗಿ ಹೋಗೋದು ಅಂತ ಅರ್ಥ. ಕಾಯಿಲೆ ಮೊದಲು ಗುರುತಾಗಿದ್ದೂ ಅಲ್ಲೇ, ಈಗಿನ ಟಾಂಜಾನಿಯಾದಲ್ಲಿ, 1952-53ರಲ್ಲಿ.

ಅಜ್ಜಿ ಜ್ವರ ಐದು ದಿನಕ್ಕೆ ಬಿಡ್ತು, ಮಂಡಿ ನೋವು ಮಾತ್ರ ಎರಡು ವರ್ಷ ಬಿಡ್ಲಿಲ್ಲ. ಒಂದಿನ ಗೋಡೆ ಹಿಡ್ಕೊಂಡು ಕೊಟ್ಟಿಗೆ ಕಡೆ ಹೋಗ್ತಾ ನನ್ನ ಕೇಳಿದ್ರು, "ಅಲ್ಲ ಕಣ್ ಮಗ, ಇದೇ ಸೊಳ್ಳೆ ದನಕ್ಕೂ ಕಚ್ಚಲ್ವಾ, ಅವಕ್ಯಾಕೆ ಏನೂ ಆಗ್ಲಿಲ್ಲ?" ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಪ್ರಶ್ನೆ ಹೆಗಲ ಮೇಲೆ ಹೊತ್ಕೊಂಡೇ ಬಿಎಸ್ಸಿ, ಎಂಎಸ್ಸಿ ಮಾಡಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಮರ್ತೇ ಹೋಗಿತ್ತು. ಆದ್ರೆ 2011ರಲ್ಲಿ ಬೆಂಗಳೂರಲ್ಲಿ ಪಿಎಚ್‌ಡಿಗೆ ಸೇರಿದಾಗ ನಮ್ಮ ಗೈಡ್ ಮೂರು ಪ್ರಾಜೆಕ್ಟ್ ಮುಂದಿಟ್ಟು ಯಾವುದು ಬೇಕು ಅಂದಾಗ ಚಿಕೂನ್‌ಗುನ್ಯಾ ಅನ್ನೋ ಹೆಸರು ನೋಡಿ ಬೇರೆ ಎರಡನ್ನ ಓದ್ಲೇ ಇಲ್ಲ. 2006ರಲ್ಲಿ ಆ ವೈರಸ್ ನಮ್ಮ ದೇಶಕ್ಕೆ ವಾಪಸ್ ಬಂದಿದ್ದು 32 ವರ್ಷ ಆದ್ಮೇಲೆ, ಒಂದೇ ವರ್ಷದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಕೇಸು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕರ್ನಾಟಕದ್ದೇ.

ನನ್ನ ಪ್ರಾಜೆಕ್ಟಿನ ಪ್ರಶ್ನೆ ಒಂದೇ ಸಾಲು. ಈ ವೈರಸ್ ನಮ್ಮ ಕೋಶದ ಮೈಮೇಲೆ ಯಾವುದನ್ನ ಹಿಡ್ಕೊಂಡು ಒಳಗೆ ಹೋಗುತ್ತೆ? ಅದೇ ರಿಸೆಪ್ಟರ್. ಈ ಒಂದು ಸಾಲಿಗೆ ಯಾಕಿಷ್ಟು ಮಹತ್ವ ಅಂದ್ರೆ, ವೈರಸ್ ಯಾವ ಪ್ರಾಣಿಗೆ ಬರುತ್ತೆ, ಮೈಯಲ್ಲಿ ಎಲ್ಲಿ ಕೂರುತ್ತೆ, ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನ ಎಲ್ಲಿ ತಡೀಬೇಕು, ಇವು ಮೂರಕ್ಕೂ ಬಹುಪಾಲು ಉತ್ತರ ಅಲ್ಲಿಂದ್ಲೇ ಶುರುವಾಗುತ್ತೆ. ಪೋಲಿಯೋ ತಗೊಳ್ಳಿ. ಸಾಮಾನ್ಯವಾಗಿ ಇಲಿಗೆ ಮನುಷ್ಯರ ಪೋಲಿಯೋ ಹತ್ತಲ್ಲ. 1989ರಲ್ಲಿ ವಿನ್ಸೆಂಟ್ ರಕನೆಲ್ಲೋ ಅವರ ಲ್ಯಾಬಿನೋರು ಮನುಷ್ಯರ ಜೀನ್‌ಗಳನ್ನ ಇಲಿ ಕೋಶಕ್ಕೆ ಹಾಕ್ತಾ ಹೋಗಿ, ಯಾವ ಜೀನ್ ಹೋದಾಗ ಇಲಿ ಕೋಶಕ್ಕೂ ಪೋಲಿಯೋ ಹತ್ತುತ್ತೆ ಅಂತ ಹುಡುಕಿ ಹಿಡಿದ್ರು, ಮರು ವರ್ಷ ಆ ಒಂದೇ ಜೀನ್ ಹಾಕಿದ ಇಲಿ ಮಾಡಿದ್ರೆ ಆ ಇಲಿಗೆ ಪೋಲಿಯೋ ಬಂದು ಕಾಲು ಬಿದ್ದೋಯ್ತು. ಒಂದು ಜೀನ್, ಅಷ್ಟೇ ವ್ಯತ್ಯಾಸ. ಪಿಎಚ್‌ಡಿ ಮೊದಲನೇ ವರ್ಷ ಹಾಸ್ಟೆಲಲ್ಲಿ ಕೂತು ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ನಮ್ಮ ವೈರಸ್ಸಿಗೂ ಇಂಥದ್ದೊಂದು ಇರ್ಲೇಬೇಕು, ಅದನ್ನ ನಾನೇ ಹಿಡೀಬೇಕು ಅಂತ ಅನ್ನಿಸಿಬಿಡ್ತು.

ಕೆಲಸ ಹೇಗೆ ಮಾಡಿದೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಾನು ಎಡವಿದ್ದೂ ಅಲ್ಲೇ. ಚಿಕೂನ್‌ಗುನ್ಯಾ ವೈರಸ್ ಸುಮಾರು 70 ನ್ಯಾನೋಮೀಟರ್ ದಪ್ಪದ ಚೆಂಡು, ಮೈತುಂಬಾ 80 ಮುಳ್ಳು, ಒಂದೊಂದು ಮುಳ್ಳಲ್ಲೂ ಇ1, ಇ2 ಅನ್ನೋ ಎರಡು ಪ್ರೋಟೀನಿನ ಮೂರು ಮೂರು ಜೋಡಿ. ಇ2 ಕೋಶಕ್ಕೆ ಹಿಡ್ಕೊಳ್ಳುತ್ತೆ, ಆಮೇಲೆ ಕೋಶ ಅದನ್ನ ಒಂದು ಚೀಲದಲ್ಲಿ ಒಳಗೆ ಎಳ್ಕೊಳ್ಳುತ್ತೆ, ಆ ಚೀಲ ಹುಳಿಯಾದಾಗ ಇ1 ಬಿಚ್ಕೊಂಡು ಪೊರೆಗೆ ಪೊರೆ ಕೂಡಿಸಿ ವೈರಸ್ಸಿನ ಆರ್‌ಎನ್‌ಎ ಒಳಗೆ ಇಳಿಸುತ್ತೆ. ಇಲ್ಲಿ ಒಂದು ಅನುಕೂಲ ಇದೆ, 4 ಡಿಗ್ರಿ ತಣ್ಣಗೆ ಇಟ್ರೆ ವೈರಸ್ ಕೋಶಕ್ಕೆ ಅಂಟುತ್ತೆ ಆದ್ರೆ ಒಳಗೆ ಹೋಗಲ್ಲ, 37 ಡಿಗ್ರಿಗೆ ತಂದ್ರೆ ಹೋಗುತ್ತೆ. ಹಾಗಾಗಿ ಐಸ್ ಟ್ರೇ ಮೇಲೆ ಪ್ಲೇಟ್ ಇಟ್ಟು, ತಣ್ಣಗಿರೋ ಕೋಶದ ಮೇಲೆ ವೈರಸ್ ಹಾಕಿ, ಒಂದು ಗಂಟೆ ಬಿಟ್ಟು, ಮೂರು ಸಲ ತೊಳೆದು, ಆಮೇಲೆ ಅಂಟಿದ ವೈರಸ್ಸನ್ನ ಅದು ಹಿಡ್ಕೊಂಡಿರೋ ಪ್ರೋಟೀನಿನ ಸಮೇತ ಕೆಮಿಕಲ್ ಹಾಕಿ ಬೆಸೆದು, ಕೋಶ ಒಡೆದು, ವೈರಸ್ಸಿನ ಆಂಟಿಬಾಡಿಯಿಂದ ಗಾಳದಲ್ಲಿ ಮೀನು ಎಳೆದಂಗೆ ಹೊರಗೆ ಎಳೆಯೋದು, ಜೊತೆಗೆ ಏನೇನು ಬಂತು ಅಂತ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡೋದು. ಕೈ ಬೆರಳು ಮರಗಟ್ಟಿ ಹೋಗೋದು. ಕೋಲ್ಡ್ ರೂಮಲ್ಲಿ ಸ್ವೆಟರ್ ಹಾಕ್ಕೊಂಡು ಎಷ್ಟೋ ರಾತ್ರಿ ಕಳ್ದಿದೀನಿ.

ಮೂರನೇ ವರ್ಷದ ಹೊತ್ತಿಗೆ ಸಿಕ್ಕಿದ ಪಟ್ಟಿಯಲ್ಲಿ ಒಂದು ಹೆಸರು ಪ್ರತಿ ಸಲಾನೂ ಮೇಲೇ ಬರೋಕೆ ಶುರುವಾಯ್ತು. ಕೋಶದ ಮೈಮೇಲೆ ನಿಂತ್ಕೊಂಡು ಉದ್ದುದ್ದ ಸಕ್ಕರೆ ಸರಪಣಿ ಹೊತ್ಕೊಂಡಿರೋ ಪ್ರೋಟೀನುಗಳ ಗುಂಪಿಗೆ ಸೇರಿದ್ದು ಅದು, ಆ ಸರಪಣಿಗೆ ಹೆಪಾರಾನ್ ಸಲ್ಫೇಟ್ ಅಂತಾರೆ. ಎಸ್‌ಐಆರ್‌ಎನ್‌ಎ ಅನ್ನೋ ಜೀನಿನ ಬಾಯಿ ಮುಚ್ಚಿಸೋ ತುಂಡು ಹಾಕಿ ಆ ಪ್ರೋಟೀನನ್ನ ಕಮ್ಮಿ ಮಾಡಿದೆ, ಅಂಟೋ ವೈರಸ್ ಹೆಚ್ಚೂಕಮ್ಮಿ ಅರ್ಧಕ್ಕೆ ಇಳೀತು. ಮೂರು ಸಲ ಮಾಡಿದೆ, ಮೂರು ಸಲಾನೂ ಅಷ್ಟೇ. ನಾನು ಊರಿಗೆ ಫೋನ್ ಮಾಡಿ ಅಪ್ಪನಿಗೆ ಸಿಕ್ತು ಅಂತ ಹೇಳ್ದೆ. ಅಪ್ಪನಿಗೆ ಏನು ಸಿಕ್ತು ಅಂತ ಅರ್ಥ ಆಗ್ಲಿಲ್ಲ, ಆದ್ರೂ ಖುಷಿ ಪಟ್ರು. ಪೇಪರಿನ ಡ್ರಾಫ್ಟ್ ಬರೆಯೋಕೂ ಕೂತೆ.

ಆ ವರ್ಷದ ಕಮಿಟಿ ಮೀಟಿಂಗಿಗೆ ಹೊರಗಿಂದ ಒಬ್ಬರು ಹಿರಿಯ ಮೇಡಮ್ ಬಂದಿದ್ರು, ಧಾರವಾಡ ಕಡೆಯೋರು, ಇಡೀ ಜೀವನ ವೈರಸ್ ಬೆಳೆಸಿದೋರು. ನನ್ನ ಇಪ್ಪತ್ತು ನಿಮಿಷದ ಮಾತು ಸುಮ್ಮನೆ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳಿದ್ರು, "ಛಲೋ ಮಾಡೀಯಪಾ. ಆದರ ಈ ವೈರಸ್ ಎಲ್ಲಿ ಬೆಳೆದದ್ದು?"

ನಾನು 181/25 ಸ್ಟ್ರೇನ್ ಮೇಡಮ್ ಅಂದೆ. ಅವರು ತಲೆ ಆಡಿಸಿ, "ಹೆಪಾರಿನ್ ಹಾಕಿ ನೋಡೀಯೇನು? ಪೇಷಂಟಿನಿಂದ ತಗದ ಸ್ಟ್ರೇನ್ ತಗೊಂಡು ಇದನ್ನ ಮತ್ತ ಮಾಡು. ಆಮ್ಯಾಲೆ ಪೇಪರ್ ಬರಿ" ಅಂದ್ರು. ಅಷ್ಟೇ ಮಾತು. ಹೆಪಾರಿನ್ ಅಂದ್ರೆ ಹೆಪಾರಾನ್ ಸಲ್ಫೇಟಿನ ಥರದ್ದೇ ಸಕ್ಕರೆ ಸರಪಣಿ, ಕೋಶದ ಮೇಲಿರದೇ ಬಿಡಿಯಾಗಿರೋದು. ವೈರಸ್ ಬರೀ ಸಕ್ಕರೆಗೆ ಅಂಟೋದಾದ್ರೆ ಕೋಶ ಬಿಟ್ಟು ಇದಕ್ಕೇ ಅಂಟ್ಕೊಳ್ಳುತ್ತೆ.

181/25 ಬಗ್ಗೆ ಹೇಳ್ಬೇಕು. 1962ರಲ್ಲಿ ಥಾಯ್ಲೆಂಡಿನ ರೋಗಿಯಿಂದ ತೆಗೆದ ವೈರಸ್ಸನ್ನ ಅಮೆರಿಕದ ಸೇನೆಯ ವಿಜ್ಞಾನಿಗಳು ಲಸಿಕೆ ಮಾಡೋಕೆ ಅಂತ ಎಂಆರ್‌ಸಿ-5 ಅನ್ನೋ ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲ ಮಾಡಿದ ಸ್ಟ್ರೇನ್, ಅಂದ್ರೆ ತಳಿ, ಅದು. ಕೆಲಸ ಮಾಡೋಕೆ ಸುರಕ್ಷಿತ, ಅದಕ್ಕೇ ಲ್ಯಾಬುಗಳಲ್ಲಿ ಜನ ಇಷ್ಟಪಡ್ತಾರೆ, ನಾನೂ ಅದಕ್ಕೇ ತಗೊಂಡಿದ್ದೆ. ಆದ್ರೆ ಹಂಗೆ ಡಿಶ್ಶಲ್ಲಿ ಬೆಳೀತಾ ಬೆಳೀತಾ ಅದರ ಇ2 ಪ್ರೋಟೀನಿನ 82ನೇ ಜಾಗದಲ್ಲಿ ಗ್ಲೈಸೀನ್ ಅನ್ನೋ ಅಮೈನೋ ಆಮ್ಲ ಹೋಗಿ ಆರ್ಜಿನೀನ್ ಬಂದು ಕೂತಿದೆ. ಆರ್ಜಿನೀನಿಗೆ ಧನ ವಿದ್ಯುದಂಶ, ಹೆಪಾರಾನ್ ಸಲ್ಫೇಟ್ ಸರಪಣಿ ಪೂರ್ತಿ ಋಣ ವಿದ್ಯುದಂಶ. ಎರಡೂ ಅಯಸ್ಕಾಂತದ ಥರ ಕಚ್ಕೊಳ್ತವೆ. ಡಿಶ್ಶಲ್ಲಿ ಬೆಳೆಯೋ ವೈರಸ್ಸಿಗೆ ಇದು ಲಾಭ, ಕೋಶ ಸಿಕ್ಕಿದ ಕೂಡ್ಲೇ ಅಂಟ್ಕೋಬಹುದು. ಮನುಷ್ಯನ ಮೈಯಲ್ಲಿ ಸುತ್ತೋ ವೈರಸ್ಸಿಗೆ ಇಷ್ಟು ಅಂಟು ಇರಲ್ಲ.

ಮಾರನೇ ದಿನಾನೇ ಪ್ಲೇಟ್ ಹಾಕ್ದೆ. ಮೇಲಿನ ಸಾಲಲ್ಲಿ 181/25, ಕೆಳಗಿನ ಸಾಲಲ್ಲಿ ರೋಗಿಯಿಂದ ತೆಗೆದು ಹೆಚ್ಚು ಸಲ ಬೆಳೆಸದೇ ಇದ್ದ ಸ್ಟ್ರೇನ್, ಅದಕ್ಕೆ ಬಿಎಸ್‌ಎಲ್-3 ಅನ್ನೋ ಬಿಗಿ ಭದ್ರತೆಯ ಲ್ಯಾಬಿನ ಒಳಗೆ ಹೋಗ್ಬೇಕು, ಎರಡು ಜೊತೆ ಗ್ಲೌಸು, ಮುಖಕ್ಕೆ ಮಾಸ್ಕು, ಒಳಗೆ ಹೋದ್ರೆ ಮೂರು ಗಂಟೆ ನೀರು ಕುಡಿಯೋ ಹಂಗಿಲ್ಲ. ಎಡಗಡೆ ಹೆಪಾರಿನ್ ಇಲ್ಲದ ಗುಂಡಿ, ಬಲಗಡೆಗೆ ಹೋದಂಗೆ ಹೆಪಾರಿನ್ ಜಾಸ್ತಿ. ಎರಡು ದಿನ ಆದ್ಮೇಲೆ ಮೇಲಿನ ಗಟ್ಟಿ ಪದರ ತೆಗೆದು ಕ್ರಿಸ್ಟಲ್ ವಯೊಲೆಟ್ ಹಾಕಿ, ತೊಳೆದು, ಟಿಶ್ಯೂ ಪೇಪರ್ ಮೇಲೆ ಬೋರಲು ಹಾಕಿ ಒಣಗಿಸಿದೆ. ಬದುಕಿರೋ ಕೋಶ ನೇರಳೆ, ವೈರಸ್ ಕೊಂದ ಕಡೆ ಬಿಳಿ ಚುಕ್ಕೆ, ಆ ಚುಕ್ಕೆ ಎಣಿಸಿದ್ರೆ ವೈರಸ್ ಎಷ್ಟು ಅಂತ ಗೊತ್ತಾಗುತ್ತೆ. ಮೇಲಿನ ಸಾಲು ಎಡದಿಂದ ಬಲಕ್ಕೆ ಹೋದಂಗೆ ಚುಕ್ಕೆ ಕಮ್ಮಿಯಾಗಿ ಕೊನೇ ಗುಂಡಿ ಪೂರ್ತಿ ನೇರಳೆ. ಕೆಳಗಿನ ಸಾಲಲ್ಲಿ ಎಡಕ್ಕೂ ಬಲಕ್ಕೂ ಅಂಥಾ ವ್ಯತ್ಯಾಸಾನೇ ಇಲ್ಲ, ಎಲ್ಲಾ ಗುಂಡಿಯಲ್ಲೂ ಚುಕ್ಕೆ. ಲೈಟ್ ಬಾಕ್ಸ್ ಮೇಲೆ ಇಟ್ಟು ಮೂರು ಸಲ ಎಣಿಸ್ದೆ. ಆಮೇಲೆ ಹೊಟ್ಟೇಲಿ ಒಂಥರಾ ಸಂಕಟ ಶುರುವಾಯ್ತು.

ಅಷ್ಟಕ್ಕೇ ಬಿಡ್ಲಿಲ್ಲ. ಪಿಜಿಎಸ್‌ಎ-745 ಅಂತ ಒಂದು ಹ್ಯಾಮ್‌ಸ್ಟರ್ ಕೋಶ ಇದೆ, ಸಕ್ಕರೆ ಸರಪಣಿ ಕಟ್ಟೋ ಶಕ್ತಿನೇ ಇಲ್ಲದ್ದು, ಅದನ್ನ ತರ್ಸಿ ಮಾಡಿದೆ. ಅದಕ್ಕೆ 181/25 ಹತ್ತೋದು ತುಂಬಾ ಕಷ್ಟ, ರೋಗಿಯ ಸ್ಟ್ರೇನಿಗೆ ಅಷ್ಟೇನೂ ಅಡ್ಡಿ ಆಗ್ಲಿಲ್ಲ. ಕೊನೆಗೆ ನನ್ನ ಆ ಪ್ರೋಟೀನಿನ ಜೀನನ್ನೇ, ಡಿಎನ್ಎ ಕತ್ತರಿಸೋ ಸಾಧನ ಕ್ರಿಸ್ಪರ್‌ನಿಂದ ಪೂರ್ತಿ ತೆಗೆದ ಕೋಶ ಮಾಡಿದೆ, ಅದಕ್ಕೇ ಏಳು ತಿಂಗಳು ಹೋಯ್ತು, ರೋಗಿಯ ಸ್ಟ್ರೇನ್ ಆ ಕೋಶಕ್ಕೂ ಮೊದಲಿನಷ್ಟೇ ಆರಾಮಾಗಿ ಹೋಯ್ತು. ಹಂಗಾದ್ರೆ ಎರಡು ವರ್ಷ ನಾನು ಹಿಡಿದಿದ್ದು ವೈರಸ್ಸಿನ ಬಾಗಿಲನ್ನಲ್ಲ, ಲ್ಯಾಬಿನ ಡಿಶ್ಶಲ್ಲಿ ಬೆಳೆದು ಅಭ್ಯಾಸ ಆದ ಅಂಟನ್ನ. ಡ್ರಾಫ್ಟ್ ಫೋಲ್ಡರಿನಲ್ಲೇ ಉಳೀತು. ಥೀಸಿಸ್ಸಿನಲ್ಲಿ ಅದನ್ನ ಒಂದು ಪೂರ್ತಿ ಅಧ್ಯಾಯವಾಗಿ, ಏನಾಯ್ತೋ ಹಂಗೇ ಬರೆದೆ. ಬರೆಯೋದು ಬೇಡ, ಬೇರೆ ರಿಸಲ್ಟ್ ಹಾಕು ಅಂತ ಹೇಳಿದೋರೂ ಇದ್ರು. ನಮ್ಮ ಗೈಡ್ ಮಾತ್ರ ಬರಿ ಅಂದ್ರು, ಅದಕ್ಕೆ ಇವತ್ತಿಗೂ ಅವರಿಗೆ ಋಣಿ.

ಆಮೇಲೆ ಹಳೇ ಪೇಪರ್ ತಿರುವಿ ಹಾಕ್ತಾ ಇದ್ದಾಗ ಗೊತ್ತಾಗಿದ್ದು ಏನಂದ್ರೆ ಇದೇ ಕಥೆ ದಡಾರದಲ್ಲೂ ಆಗಿತ್ತು. 1993ರಲ್ಲಿ ದಡಾರ ವೈರಸ್ಸಿನ ರಿಸೆಪ್ಟರ್ ಕೋಶದ ಮೈಮೇಲಿರೋ ಸಿಡಿ46 ಅನ್ನೋ ಪ್ರೋಟೀನ್ ಅಂತ ಗೊತ್ತಾಯ್ತು, ಸರಿಯಾದ ಕೆಲಸಾನೇ, ಆದ್ರೆ ಅವರು ಬಳಸಿದ್ದು ವರ್ಷಗಟ್ಟಲೆ ಲ್ಯಾಬಿನಲ್ಲಿ ಬೆಳೆದ ಎಡ್ಮನ್‌ಸ್ಟನ್ ಸ್ಟ್ರೇನ್, ಲಸಿಕೆ ಬಂದಿದ್ದೂ ಅದರಿಂದ್ಲೇ. ರೋಗಿಗಳ ಗಂಟಲಿಂದ ತೆಗೆದ ವೈರಸ್ಸನ್ನ ಬಿ95ಎ ಅನ್ನೋ ಮಾರ್ಮೊಸೆಟ್ ಕೋತಿಯ ಬಿ-ಕೋಶದಲ್ಲಿ (ಇದು ರೋಗನಿರೋಧಕ ಕೋಶ) ಬೆಳೆಸಿದ್ರೆ ಅದು ಸಿಡಿ46 ಇರೋ ವೆರೋ ಅನ್ನೋ ಕೋತಿ ಕಿಡ್ನಿಯ ಕೋಶಕ್ಕೆ ಸರಿಯಾಗಿ ಹೋಗ್ತಾನೇ ಇರ್ಲಿಲ್ಲ. ಈ ಹೊಂದಾಣಿಕೆ ಆಗದ ಜಾಗಾನೇ ಹಿಡ್ಕೊಂಡು ಜಪಾನಿನ ಯುಸುಕೆ ಯಾನಗಿ ಅವರ ಗುಂಪು, ಬಿ95ಎ ಕೋಶದ ಜೀನುಗಳನ್ನ ವೈರಸ್ ಹತ್ತದೇ ಇರೋ ಕೋಶಕ್ಕೆ ಹಾಕಿ ಹಾಕಿ, 2000ದಲ್ಲಿ ಸ್ಲ್ಯಾಮ್ ಅನ್ನೋ ನಿಜವಾದ ರಿಸೆಪ್ಟರನ್ನ ಹುಡುಕಿದ್ರು.

ಇಲ್ಲಿಂದ್ಲೇ ನಂಗೆ ಇಮ್ಯುನಾಲಜಿ ಹುಚ್ಚು ಹತ್ತಿದ್ದು. ಸ್ಲ್ಯಾಮ್ ಇರೋದು ಎಲ್ಲಿ? ನಮ್ಮ ರೋಗನಿರೋಧಕ ಕೋಶಗಳ ಮೇಲೇ, ಅದರಲ್ಲೂ ಹಳೇ ರೋಗಗಳನ್ನ ನೆನಪಿಟ್ಕೊಂಡಿರೋ ಕೋಶಗಳ ಮೇಲೆ ಜಾಸ್ತಿ. ಅಂದ್ರೆ ದಡಾರ ವೈರಸ್ ಕಾವಲುಗಾರನ ಮನೆಗೇ ನುಗ್ಗುತ್ತೆ. 1908ರಲ್ಲೇ ಫೋನ್ ಪಿರ್ಕೆ ಅನ್ನೋ ಆಸ್ಟ್ರಿಯಾದ ಮಕ್ಕಳ ಡಾಕ್ಟರು ಕ್ಷಯದ ಚರ್ಮ ಪರೀಕ್ಷೆ ಪಾಸಿಟಿವ್ ಇದ್ದ ಮಕ್ಕಳಿಗೆ ದಡಾರ ಬಂದಾಗ ಅದು ನೆಗೆಟಿವ್ ಆಗೋದನ್ನ ನೋಡಿ ಬರೆದಿದ್ರು, ಯಾಕೆ ಅಂತ ಆಗ ಗೊತ್ತಿರ್ಲಿಲ್ಲ. ರಿಸೆಪ್ಟರ್ ಗೊತ್ತಾದ್ಮೇಲೆ ತೊಂಬತ್ತು ವರ್ಷದ ಹಿಂದಿನ ಆ ಚರ್ಮದ ಗುರುತಿಗೆ ಅರ್ಥ ಬಂತು. ದಡಾರ ಬಂದು ಹೋದ ಮಕ್ಕಳಲ್ಲಿ ಬೇರೆ ರೋಗಗಳ ವಿರುದ್ಧ ಇದ್ದ ಆಂಟಿಬಾಡಿಯಲ್ಲೂ ಒಂದಷ್ಟು ಅಳಿಸಿ ಹೋಗುತ್ತೆ ಅಂತ 2019ರಲ್ಲಿ ಅಳೆದು ತೋರಿಸಿದ್ರು. ನಮ್ಮೂರ ಕಡೆ ಈಗಲೂ ಕೆಲವರು ದಡಾರಕ್ಕೆ ಅಮ್ಮ ಬಂದಿದಾಳೆ, ಬೇವಿನ ಸೊಪ್ಪು ಇಟ್ರೆ ಹೋಗ್ತಾಳೆ ಅಂತಾರೆ, ಬೇವಿನ ಸೊಪ್ಪು ಇಡ್ಲಿ, ಆದ್ರೆ ಮಗುಗೆ ದಡಾರದ ಇಂಜೆಕ್ಷನ್ ತಪ್ಪಿಸ್ಬೇಡಿ ಅಂತ ನಾನು ಸಿಕ್ಕಿದೋರಿಗೆಲ್ಲಾ ಕೈ ಮುಗಿದು ಹೇಳ್ತೀನಿ.

2017ರ ಕೊನೇಲಿ ಪೋಸ್ಟ್‌ಡಾಕ್ ಅಂತ ಅಮೆರಿಕಕ್ಕೆ ಹೋದೆ. ಹೋಗಿ ಐದಾರು ತಿಂಗಳಾಗಿತ್ತು, 2018ರ ಮೇ ತಿಂಗಳು, ಸೇಂಟ್ ಲೂಯಿಸ್‌ನ ಮೈಕಲ್ ಡೈಮಂಡ್ ಅವರ ಲ್ಯಾಬಿನಿಂದ ನೇಚರ್ ಪತ್ರಿಕೆಯಲ್ಲಿ ಚಿಕೂನ್‌ಗುನ್ಯಾ ರಿಸೆಪ್ಟರ್ ಬಂತು. ಹೆಸರು ಎಂಎಕ್ಸ್‌ಆರ್‌ಎ8. ನಾನು ಹುಡುಕಿದ ಪಟ್ಟಿಯಲ್ಲಿ ಅದು ಎಲ್ಲೂ ಇರ್ಲಿಲ್ಲ. ಬೆಳಗ್ಗೆ ಬಸ್ಸಲ್ಲಿ ಫೋನಲ್ಲೇ ಓದೋಕೆ ಶುರು ಮಾಡ್ದೆ, ಇಳಿಯೋ ಸ್ಟಾಪ್ ದಾಟಿ ಹೋಯ್ತು. ಬೇಜಾರಾಯ್ತಾ ಅಂದ್ರೆ ಹೌದು, ಆರು ವರ್ಷ ಹುಡುಕಿದ್ದು ಬೇರೆಯೋರ ಕೈಗೆ ಸಿಕ್ಕಿದೆ ಅನ್ನೋವಾಗ ಆಗದೇ ಇರುತ್ತಾ. ಆದ್ರೆ ಅವರು ಹೇಗೆ ಮಾಡಿದ್ರು ಅಂತ ಓದ್ತಾ ಹೋದಂಗೆ ಬೇಜಾರು ಹಿಂದೆ ಸರೀತು. ಅವರು ಬಳಸಿದ್ದೂ 181/25 ಸ್ಟ್ರೇನನ್ನೇ, ಅದಕ್ಕೆ ಕೆಂಪಗೆ ಹೊಳೆಯೋ ಪ್ರೋಟೀನ್ ಸೇರಿಸಿ. ಆದ್ರೆ ಶುರು ಮಾಡೋಕೆ ಮೊದಲೇ ಕೋಶದಿಂದ ಬಿ4ಗ್ಯಾಲ್ಟಿ7 ಅನ್ನೋ ಜೀನ್ ತೆಗೆದಿದ್ರು, ಅಂದ್ರೆ ಸಕ್ಕರೆ ಸರಪಣಿ ಕಟ್ಟೋಕೇ ಆಗದ ಕೋಶ. ನಾನು ಬಿದ್ದ ಗುಂಡಿಯನ್ನ ಅವರು ಮೊದಲೇ ಮುಚ್ಚಿ ಆಮೇಲೆ ನಡೆದಿದ್ರು. ಆ ಕೋಶಗಳಲ್ಲಿ ಕ್ರಿಸ್ಪರ್ ಲೈಬ್ರರಿ ಹಾಕಿ ಒಂದೊಂದು ಕೋಶದಲ್ಲಿ ಒಂದೊಂದು ಜೀನ್ ಕೆಡಿಸಿ, ವೈರಸ್ ಹಾಕಿ, ಕೆಂಪಾಗದೇ ಉಳಿದ ಕೋಶಗಳನ್ನ ಆರಿಸಿ, ಅವುಗಳಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ಓದಿದ್ರು. ಆಮೇಲೆ ಆ ಜೀನ್ ತೆಗೆದು ನೋಡಿದ್ರು, ಸೋಂಕು ಇಳೀತು. ವಾಪಸ್ ಹಾಕಿ ನೋಡಿದ್ರು, ಸೋಂಕು ಏರಿತು. ಅದೇ ಪ್ರೋಟೀನನ್ನ ಕೋಶದಿಂದ ಬಿಡಿಸಿ ಕರಗೋ ಥರ ಮಾಡಿ ಇಲಿಗೆ ಕೊಟ್ರೆ ವೈರಸ್ ಅದಕ್ಕೇ ಅಂಟ್ಕೊಂಡು ಮೋಸ ಹೋಗಿ ಇಲಿಯ ಕಾಲು ಊದೋದು ಕಮ್ಮಿ ಆಯ್ತು.

ಎಂಎಕ್ಸ್‌ಆರ್‌ಎ8 ಇರೋದು ಎಲ್ಲಿ ಅಂತ ನೋಡಿದ್ರೆ, ಕೀಲಿನ ಒಳಪದರದ ಫೈಬ್ರೋಬ್ಲಾಸ್ಟ್ ಅನ್ನೋ ಕೋಶ, ಮೂಳೆ ಕಟ್ಟೋ ಕೋಶ, ಕಾರ್ಟಿಲೇಜ್ ಕೋಶ, ಸ್ನಾಯು. ಅಜ್ಜಿಯ ಮಂಡಿ, ಮಣಿಕಟ್ಟು, ಗೆಣ್ಣು ಕಣ್ಮುಂದೆ ಬಂತು.

ಈ ರಿಸೆಪ್ಟರ್ ಇಲ್ಲದ ಕೋಶಕ್ಕೂ ವೈರಸ್ ಸ್ವಲ್ಪ ಮಟ್ಟಿಗೆ ಹೋಗುತ್ತೆ, ಹಾಗಾಗಿ ಇದೊಂದೇ ಬಾಗಿಲು ಅಂತ ಹೇಳೋ ಹಂಗಿಲ್ಲ, ಅದನ್ನ ಅವರೇ ಪೇಪರಲ್ಲಿ ತೋರಿಸಿದ್ರು, ಆ ಪ್ರಾಮಾಣಿಕತೆ ನಂಗೆ ತುಂಬಾ ಹಿಡಿಸ್ತು. ಮರು ವರ್ಷ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳು ಬಂದ್ವು, ಮುಳ್ಳಿನೊಳಗೆ ಪಕ್ಕಪಕ್ಕದ ಇ1-ಇ2 ಜೋಡಿಗಳ ಸಂದಿಗೆ ಎಂಎಕ್ಸ್‌ಆರ್‌ಎ8 ಬೆಣೆ ಹೊಡೆದಂಗೆ ಹೋಗಿ ಕೂತಿರುತ್ತೆ. ಒಂದೇ ಪ್ರೋಟೀನ್ ಹಿಡಿದು ಹುಡುಕ್ತಿದ್ದ ನಂಗೆ ಅದು ಹಂಗೆ ಸಂದಿಯಲ್ಲಿ ಕೂರುತ್ತೆ ಅಂತ ಕಲ್ಪನೇನೂ ಇರ್ಲಿಲ್ಲ.

ಆಗ ನಾನು ನನ್ನ ಪ್ರಶ್ನೆ ಬದಲಾಯಿಸ್ದೆ. ರಿಸೆಪ್ಟರ್ ಗೊತ್ತಾಯ್ತಲ್ಲ, ಇನ್ನು ಕಾಯಿಲೆಯಿಂದ ಎದ್ದೋರ ರಕ್ತದಲ್ಲಿರೋ ಆಂಟಿಬಾಡಿಯಲ್ಲಿ ಎಷ್ಟು ಪಾಲು ವೈರಸ್ ರಿಸೆಪ್ಟರ್ ಹಿಡಿಯೋದನ್ನ ತಡೆಯುತ್ತೆ, ಎಷ್ಟು ಪಾಲು ಹಿಡ್ಕೊಂಡ ಮೇಲೆ ಒಳಗೆ ಬಿಚ್ಕೊಳ್ಳೋದನ್ನ ತಡೆಯುತ್ತೆ ಅಂತ ಬೇರೆ ಬೇರೆ ಮಾಡಿ ಅಳೆಯೋದು. ಪ್ಲೇಟಿಗೆ ವೈರಸ್ಸಿನಂಥ ಖಾಲಿ ಕಣ ಅಂಟಿಸಿ, ರೋಗಿಯ ಸೀರಮ್ (ಆಂಟಿಬಾಡಿ ಇರೋ ರಕ್ತದ ತಿಳಿ) ಹಾಕಿ, ಆಮೇಲೆ ಎಂಎಕ್ಸ್‌ಆರ್‌ಎ8 ಹಾಕಿ, ಅದು ಎಷ್ಟು ಅಂಟಿತು ಅಂತ ಎಲೈಜಾದಲ್ಲಿ, ಅಂದ್ರೆ ಅಂಟಿದಷ್ಟೂ ಹಳದಿ ಬಣ್ಣ ಬರೋ ಪರೀಕ್ಷೆಯಲ್ಲಿ, ನೋಡೋದು. ಮೊದಲನೇ ದಿನ ಎಲ್ಲಾ ಗುಂಡಿನೂ ಕಡು ಹಳದಿ, ಯಾವ ಸೀರಮ್ಮೂ ಏನೂ ತಡೀತಿಲ್ಲ ಅನ್ನೋ ಥರ. ಕಾರಣ ಹುಡುಕೋಕೆ ಒಂದು ದಿನ ಹಿಡೀತು. ನನ್ನ ಎಂಎಕ್ಸ್‌ಆರ್‌ಎ8ಗೆ ಬಾಲವಾಗಿ ಮನುಷ್ಯರ ಆಂಟಿಬಾಡಿಯ ಎಫ್‌ಸಿ ತುಂಡು ಇತ್ತು, ಅದನ್ನ ಗುರುತಿಸೋಕೆ ಹಾಕಿದ ಎರಡನೇ ಆಂಟಿಬಾಡಿ ರೋಗಿಯ ಸೀರಮ್ಮಿನ ಆಂಟಿಬಾಡಿಯನ್ನೂ ಹಿಡೀತಿತ್ತು. ಇಲಿಯ ಎಫ್‌ಸಿ ಇರೋದನ್ನ ಮಾಡ್ಕೊಂಡ ಮೇಲೆ ಸರಿ ಹೋಯ್ತು. ಈ ಕೆಲಸಕ್ಕೆ ಹೊಸದಾಗಿ ಬರೋರಿಗೆ ಹೇಳ್ತಿದೀನಿ, ರಿಸೆಪ್ಟರಿಗೂ ಮನುಷ್ಯರ ಸೀರಮ್ಮಿಗೂ ಸ್ಪರ್ಧೆ ಇಡೋವಾಗ ಮೊದಲು ಬಾಲ ನೋಡಿ, ಸೀರಮ್ ಮಾತ್ರ ಹಾಕಿ ರಿಸೆಪ್ಟರ್ ಹಾಕದೇ ಇರೋ ಗುಂಡಿ ಒಂದು ಯಾವಾಗ್ಲೂ ಇಡಿ.

ಇದರ ಮಧ್ಯೆ 2020 ಬಂತು. ನಾವೆಲ್ಲಾ ಕೈಲಿದ್ದ ಕೆಲಸ ಬಿಟ್ಟು ಕೊರೊನಾಗೆ ಇಳಿದ್ವಿ. ಅಲ್ಲೂ ನಂಗೆ ಕಂಡಿದ್ದು ಅದೇ ಹಾಕಿ-ತೆಗೆದು ನೋಡೋ ಪರೀಕ್ಷೆ. ಜನವರಿಯಲ್ಲಿ ವೈರಸ್ಸಿನ ಜೀನೋಮ್ ಹೊರಗೆ ಬಂತು, ಫೆಬ್ರವರಿ ಮೊದಲ ವಾರಕ್ಕೆ ವುಹಾನಿನೋರ ಪೇಪರ್, ಎಸಿಇ2 ಅನ್ನೋ ಪ್ರೋಟೀನ್ ಇಲ್ಲದ ಹೀಲಾ ಕೋಶಕ್ಕೆ (ಲ್ಯಾಬಲ್ಲಿ ಬೆಳೆಸೋ ಮನುಷ್ಯರ ಕೋಶ) ವೈರಸ್ ಹೋಗಲ್ಲ, ಮನುಷ್ಯರ ಎಸಿಇ2 ಹಾಕಿದ್ರೆ ಹೋಗುತ್ತೆ, ಬಾವಲಿಯದ್ದು ಹಾಕಿದ್ರೂ ಹೋಗುತ್ತೆ, ಇಲಿಯದ್ದು ಹಾಕಿದ್ರೆ ಹೋಗಲ್ಲ. ಅಷ್ಟು ಬೇಗ ಹೇಗೆ ಆಯ್ತು ಅಂದ್ರೆ 2003ರಲ್ಲೇ ಹಳೇ ಸಾರ್ಸ್ ವೈರಸ್ಸಿಗೆ ಎಸಿಇ2 ರಿಸೆಪ್ಟರ್ ಅಂತ ಹುಡುಕಿ ಇಟ್ಟಿದ್ರು. ಮನುಷ್ಯರ ಎಸಿಇ2 ಇರೋ ಇಲಿಯನ್ನ ಅಯೋವಾದಲ್ಲಿ 2007ರಲ್ಲೇ ಮಾಡಿ ಇಟ್ಟಿದ್ರು, ಸಾರ್ಸ್ ಹೋಯ್ತಲ್ಲ ಇನ್ನು ಯಾಕೆ ಅಂತ ಬಿಸಾಕಿರ್ಲಿಲ್ಲ. ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಮಾಡಿದ ಮೂಲ ಸಂಶೋಧನೆ ಹದಿನೇಳು ವರ್ಷ ಆದ್ಮೇಲೆ ಇಡೀ ಪ್ರಪಂಚದ ಕೈ ಹಿಡೀತು. ಇದಕ್ಕೆಲ್ಲಾ ಯಾಕೆ ದುಡ್ಡು ಸುರೀತೀರಿ ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು.

ಅದೇ 2020ರಲ್ಲಿ, ಲಾಕ್‌ಡೌನಲ್ಲಿ ಮನೇಲಿ ಕೂತು ಪೇಪರ್ ಓದ್ತಿದ್ದಾಗ, ಅಜ್ಜಿ ಪ್ರಶ್ನೆಗೆ ಉತ್ತರ ಸಿಕ್ತು. ಅದೇ ಸೇಂಟ್ ಲೂಯಿಸ್ ಗುಂಪಿನೋರು ಬೇರೆ ಬೇರೆ ಪ್ರಾಣಿಗಳ ಎಂಎಕ್ಸ್‌ಆರ್‌ಎ8 ಪರೀಕ್ಷೆ ಮಾಡ್ತಾ ಹೋಗಿದ್ರು, ದನದ್ದು ಮಾತ್ರ ವೈರಸ್ಸನ್ನ ಹಿಡ್ಕೊಳ್ತಾ ಇರ್ಲಿಲ್ಲ. ನೋಡಿದ್ರೆ ದನದ ಎಂಎಕ್ಸ್‌ಆರ್‌ಎ8ನಲ್ಲಿ, ವೈರಸ್ ಕೂರಬೇಕಾದ ಜಾಗದಲ್ಲೇ ಕೆಲವು ಅಮೈನೋ ಆಮ್ಲ ಹೆಚ್ಚಿಗೆ ಸೇರ್ಕೊಂಡು ಅಡ್ಡ ನಿಂತಿವೆ. ಅದನ್ನ ಕತ್ತರಿಸಿ ತೆಗೆದ್ರೆ ದನದ ರಿಸೆಪ್ಟರಿಗೂ ವೈರಸ್ ಹಿಡ್ಕೊಳ್ಳುತ್ತೆ, ಅದೇ ತುಂಡನ್ನ ಇಲಿಯ ರಿಸೆಪ್ಟರಿಗೆ ಸೇರಿಸಿದ್ರೆ ಇಲಿಗೆ ಸೋಂಕು ಕಮ್ಮಿ ಆಗುತ್ತೆ. ತೆಗೆದೂ ನೋಡಿದ್ರು, ಹಾಕಿಯೂ ನೋಡಿದ್ರು. ನಮ್ಮ ಕೊಟ್ಟಿಗೆಯ ಹಸುಗಳು ಆರಾಮಾಗಿದ್ದಿದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಈ ಸೊಳ್ಳೆಗೆ ದನಕ್ಕಿಂತ ಮನುಷ್ಯರ ರಕ್ತಾನೇ ಇಷ್ಟ ಅನ್ನೋದೂ ಇದೆ. ಆದ್ರೂ ಅವತ್ತು ರಾತ್ರಿನೇ ವಿಡಿಯೋ ಕಾಲ್ ಮಾಡ್ದೆ. ಅಜ್ಜಿಗೆ ಆಗ ಎಂಬತ್ತು ದಾಟಿತ್ತು, ಕಿವಿ ಮಂದ, ಅಮ್ಮ ಪಕ್ಕದಲ್ಲಿ ಕೂತು ಜೋರಾಗಿ ಹೇಳಿದ್ರು. ಬೀಗ ಒಂದೇ, ದನದ ಬೀಗದ ತೂತಲ್ಲಿ ಒಂದು ಕಡ್ಡಿ ಸಿಕ್ಕಾಕ್ಕೊಂಡಿದೆ, ಅದಕ್ಕೇ ಕೀಲಿ ಹೋಗಲ್ಲ ಅಂತ ನಾನು ಹೇಳ್ದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಡ್ಡಿ ನಮಗೂ ಹಾಕಕ್ಕಾಗಲ್ವೇನಪ್ಪ?" ಅಂದ್ರು. ಇಲಿಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ ಅಂತ ನಂಗೆ ಮೈ ಜುಮ್ಮಂತು.

2022ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಈಗ ಚಿಕ್ಕದೊಂದು ಲ್ಯಾಬು, ಮೂರು ಜನ ವಿದ್ಯಾರ್ಥಿಗಳು, ಒಂದು ಫ್ರೀಜರು. ಚಿಕೂನ್‌ಗುನ್ಯಾಗೆ 2023ರ ನವೆಂಬರಲ್ಲಿ ಅಮೆರಿಕದಲ್ಲಿ ಮೊದಲನೇ ಲಸಿಕೆಗೆ ಒಪ್ಪಿಗೆ ಸಿಕ್ತು, ಅದಾದ್ಮೇಲೆ ಇಂಥ ಸೀರಮ್ ಕೆಲಸಕ್ಕೆ ಇನ್ನೂ ಬೆಲೆ ಬಂದಿದೆ, ಯಾಕಂದ್ರೆ ಲಸಿಕೆಯಿಂದ ಬಂದ ಆಂಟಿಬಾಡಿ ಬಾಗಿಲಲ್ಲಿ ತಡೀತಿದೆಯಾ ಒಳಗೆ ತಡೀತಿದೆಯಾ ಅಂತ ತಿಳ್ಕೊಂಡ್ರೆ ಮುಂದಿನದ್ದನ್ನ ಇನ್ನೂ ಚೆನ್ನಾಗಿ ಮಾಡಬಹುದು. ನಮ್ಮ ಲ್ಯಾಬಿನ ಮೊದಲನೇ ನಿಯಮ ಫ್ರೀಜರ್ ಬಾಗಿಲ ಮೇಲೇ ಅಂಟಿಸಿದೀನಿ, ಪ್ರತಿ ವೈರಸ್ ಟ್ಯೂಬಿನ ಮೇಲೂ ಯಾವ ರೋಗಿ, ಯಾವ ವರ್ಷ, ಯಾವ ಕೋಶ, ಎಷ್ಟನೇ ಸಲ ಬೆಳೆಸಿದ್ದು ಅಂತ ಬರೀಬೇಕು, ಐದು ಸಲಕ್ಕಿಂತ ಜಾಸ್ತಿ ಬೆಳೆಸಿದ್ದನ್ನ ರಿಸೆಪ್ಟರ್ ಕೆಲಸಕ್ಕೆ ಬಳಸೋ ಹಂಗಿಲ್ಲ. ಧಾರವಾಡದ ಆ ಮೇಡಮ್ ಈಗ ರಿಟೈರ್ ಆಗಿದಾರೆ, ಹೋದ ವರ್ಷ ಲ್ಯಾಬಿಗೆ ಬಂದಿದ್ದಾಗ ಆ ಚೀಟಿ ನೋಡಿ ಏನೂ ಹೇಳ್ಲಿಲ್ಲ, ಕನ್ನಡಕ ಸರಿ ಮಾಡ್ಕೊಂಡು ಎರಡು ಸಲ ಓದಿದ್ರು.

ಹೋದ ತಿಂಗಳು ನನ್ನ ವಿದ್ಯಾರ್ಥಿನಿ ಒಬ್ಬಳು ಎಂಎಕ್ಸ್‌ಆರ್‌ಎ8 ಇಲ್ಲದ ಕೋಶಕ್ಕೂ ವೈರಸ್ಸನ್ನ ಒಳಗೆ ಬಿಡೋ ಥರ ಕಾಣೋ ಇನ್ನೊಂದು ಪ್ರೋಟೀನ್ ಸಿಕ್ಕಿದೆ ಅಂತ ಓಡಿ ಬಂದ್ಲು, ಕಣ್ಣಲ್ಲಿ ಹೊಳಪು, ನಂಗೆ ನನ್ನ ಮೂರನೇ ವರ್ಷ ನೆನಪಾಯ್ತು. ನಾನು ಬಾಯಿ ಬಿಡೋಕೆ ಮೊದಲೇ ಅವಳೇ ಹೇಳಿದ್ಲು, "ಹೆಪಾರಿನ್ ಹಾಕಿ ನೋಡಿದೀನಿ ಸರ್, ಬದಲಾಗ್ಲಿಲ್ಲ. ಮೂರು ಪೇಷಂಟಿನ ಸ್ಟ್ರೇನಲ್ಲೂ ಮಾಡಿದೀನಿ." ಆ ಜೀನ್ ತೆಗೆದ ಕೋಶದ ಎರಡು ಕ್ಲೋನ್ (ಒಂದೊಂದೇ ಕೋಶದಿಂದ ಬೆಳೆಸಿದ ಗುಂಪು) ರೆಡಿ ಇವೆ, ಎರಡರಲ್ಲೂ ಪ್ಲಾಕ್, ಅಂದ್ರೆ ಆ ಬಿಳಿ ಚುಕ್ಕೆ, ಇಳಿದಿದೆ. ಮೂರನೇ ಕ್ಲೋನ್ ಇನ್ಕ್ಯುಬೇಟರಿನಲ್ಲಿ ನಿಧಾನಕ್ಕೆ ಬೆಳೀತಿದೆ, ಶುಕ್ರವಾರ ಅದಕ್ಕೆ ಜೀನ್ ವಾಪಸ್ ಹಾಕಿ ವೈರಸ್ ಹಾಕ್ತೀವಿ.